ಮೊನೆ ಬರಬೇಕಿದ್ದ ಜಾಗ

ನಮ್ಮ ಅಪ್ಪ ಬರೆದ ಬೋರ್ಡುಗಳಲ್ಲಿ ಎಲ್ಲಿಯೂ ಚೂಪಾದ ಮೂಲೆ ಇರುತ್ತಿರಲಿಲ್ಲ. ಕನ್ನಡ ಅಕ್ಷರಗಳಂತೂ ಸರಿ, ಅವು ಹುಟ್ಟಿದ್ದೇ ದುಂಡಗೆ. ಆದರೆ ಅಪ್ಪ ಇಂಗ್ಲಿಷ್ ಅಕ್ಷರಗಳನ್ನೂ ಬಿಡುತ್ತಿರಲಿಲ್ಲ, ಮರಾಠಿ ಅಕ್ಷರಗಳ ತಲೆಗೆರೆಯ ತುದಿಗಳನ್ನೂ ಬಿಡುತ್ತಿರಲಿಲ್ಲ. ಎಲ್ಲೆಲ್ಲಿ ಎರಡು ಗೆರೆಗಳು ಸೇರುತ್ತವೋ ಅಲ್ಲೆಲ್ಲ ಬ್ರಷ್ಷನ್ನು ಒಂದಿಷ್ಟು ಹೊರಳಿಸಿ ನಯ ಮಾಡುತ್ತಿದ್ದರು. ಯಾಕೆ ಅಂತ ಕೇಳಿದರೆ ಒಂದೇ ಉತ್ತರ. "ಮೂಲಿ ಬಿಟ್ರ ಬಣ್ಣ ಅಲ್ಲೇ ನಿಲ್ತದ. ನಿಂತ ಬಣ್ಣ ಮಳಿಗಾಲದಾಗ ಮದಲ ಅಲ್ಲಿಂದನ ಏಳ್ತದ." ಮುಂಬಯಿಯ ಮಳೆಯನ್ನು ಕಂಡವರು ಈ ಮಾತನ್ನು ಅಲ್ಲಗಳೆಯಲಾರರು. ಬೇರೆಯವರ ಬೋರ್ಡುಗಳು ಎರಡು ಮಳೆಗಾಲಕ್ಕೆ ಸಿಪ್ಪೆ ಸುಲಿದುಕೊಳ್ಳುತ್ತಿದ್ದವು, ಅಪ್ಪನವು ನಾಲ್ಕಕ್ಕೂ ನಿಲ್ಲುತ್ತಿದ್ದವು. ಊರಿನ ಫೋರ್ಟ್ ಪೇಟೆಯ ಉಡುಪಿ ಹೋಟೆಲುಗಳ ಮಾಲೀಕರು ಅಪ್ಪನನ್ನು ಹುಡುಕಿಕೊಂಡು ಬರುತ್ತಿದ್ದದ್ದು ಈ ಕಾರಣಕ್ಕೇ.

ಇದೇ ಕಾರಣಕ್ಕೆ ನಾನು ಕಾಲೇಜಿನ ಎರಡನೆಯ ವರ್ಷದ ಇಂಟರ್ ಸೈನ್ಸ್ ಪರೀಕ್ಷೆಯಲ್ಲಿ ನಪಾಸಾದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಪಾಸಾದವರೆಲ್ಲ ಏನಾದರೊಂದು ಹೇಳುತ್ತಾರೆ ಎಂದು ನಿಮಗೆ ಅನ್ನಿಸಬಹುದು. ನಾನು ಹೇಳುವುದನ್ನು ಪೂರ್ತಿ ಕೇಳಿ, ಆಮೇಲೆ ಏನು ಬೇಕಾದರೂ ಅನ್ನಿ.

ಐವತ್ತರ ದಶಕದ ಮೊದಲ ವರ್ಷಗಳು. ಧಾರಾವಿಗೆ ಹತ್ತಿಕೊಂಡಿದ್ದ ಒಂದು ಚಾಳಿನಲ್ಲಿ ನಮ್ಮದೊಂದು ಖೋಲಿ. ಹುಬ್ಬಳ್ಳಿ ಕಡೆಯಿಂದ ಬಂದ ಅಪ್ಪ, ಅವ್ವ, ನಾನು, ಗೋಡೆಗೆ ಒರಗಿಸಿದ ತಗಡಿನ ಬೋರ್ಡುಗಳು. ರಾತ್ರಿ ಮಲಗಬೇಕೆಂದರೆ ಒಂದೋ ಬೋರ್ಡು ಒಣಗಿರಬೇಕು, ಇಲ್ಲವೇ ನಾನು ಹೊರಗಿನ ಓಣಿಯಲ್ಲಿ ಹಾಸಿಕೊಳ್ಳಬೇಕು. ಬಣ್ಣಕ್ಕೆ ಕಲಸುವ ಸಫೇದಾ ಪುಡಿ ಮತ್ತು ಅಗಸೆ ಎಣ್ಣೆಯ ವಾಸನೆ ಅವ್ವ ಮಾಡಿದ ರೊಟ್ಟಿಗೂ ಅಂಟಿಕೊಂಡಿರುತ್ತಿತ್ತು. ನಮಗೆ ಅದು ಗೊತ್ತೇ ಆಗುತ್ತಿರಲಿಲ್ಲ, ಬಂದವರು ಹೇಳಿದಾಗ ಗೊತ್ತಾಗುತ್ತಿತ್ತು.

ನಾನು ಕಾಲೇಜು ಸೇರಿದ ವರ್ಷ ಅಪ್ಪನ ಕೈ ನಡುಗತೊಡಗಿತು. ಮೊದಲು ಕಂಡದ್ದು ಚಹಾದ ಬಸಿಯಲ್ಲಿ. ಬಸಿ ತುಟಿಗೆ ಹೋಗುವ ಹೊತ್ತಿಗೆ ಅರ್ಧ ಚಹಾ ಅಂಗಿಯ ಮೇಲಿರುತ್ತಿತ್ತು. ಆಮೇಲೆ ಬಲಗೈಯ ಮಣಿಕಟ್ಟು ಸೋಲತೊಡಗಿತು. ದವಾಖಾನೆಗೆ ಕರೆದುಕೊಂಡು ಹೋದೆವು. ಡಾಕ್ಟರು ಅಪ್ಪನ ವಸಡನ್ನು ನೋಡಿದರು, ಬೆರಳುಗಳನ್ನು ನೋಡಿದರು, ಬ್ರಷ್ಷಿನ ತುದಿಯನ್ನು ಬಾಯಲ್ಲಿಟ್ಟು ಚೂಪು ಮಾಡುತ್ತೀರಾ ಎಂದು ಕೇಳಿದರು. ಅಪ್ಪ ಹೌದು ಎಂದರು. ಎಲ್ಲ ಪೇಂಟರುಗಳೂ ಹಾಗೇ ಮಾಡುತ್ತಾರಲ್ಲ ಎಂಬ ಧಾಟಿಯಲ್ಲಿ. ಬಣ್ಣದ ಸೀಸ ಮೈಯೊಳಗೆ ಸೇರಿಕೊಂಡಿದೆ, ಈ ಕೆಲಸ ಬಿಡಬೇಕು ಎಂದರು ಡಾಕ್ಟರು. ಅವ್ವ ಹೊರಗೆ ಬಂದ ಮೇಲೆ ನನ್ನನ್ನು ಕೇಳಿದಳು. "ಬಿಟ್ಟು ಏನ ಮಾಡಬೇಕಂತ ಹೇಳಿದ್ನೇನ ಅಂವಾ?" ಅದನ್ನು ಅವರು ಹೇಳಿರಲಿಲ್ಲ.

ಆ ಸಂಜೆ ಅಪ್ಪ ನನಗೊಂದು ಮಾತು ಕೊಟ್ಟರು, ನನ್ನಿಂದಲೂ ಒಂದು ಮಾತು ತೆಗೆದುಕೊಂಡರು.

"ಇಂಟರ್ ಒಂದ ಸಲ ಬರಿ, ತಮ್ಮಾ. ಪಾಸಾದಿ ಅಂದ್ರ ಮುಂದ ಓದು, ನಾ ಹೆಂಗರ ಮಾಡಿ ದಾಟಸ್ತೀನಿ. ನಪಾಸಾದಿ ಅಂದ್ರ ನನ್ನ ಏಣಿ ನೀ ಹತ್ತು. ಎರಡನೇ ಸಲ ಕುಂದ್ರಸೂ ತಾಕತ್ತು ನನಗಿಲ್ಲ."

ಅದರಲ್ಲಿ ಬೆದರಿಕೆ ಇರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು. ನನಗೆ ಎಂಜಿನಿಯರ್ ಆಗುವ ಕನಸೇನೂ ಇರಲಿಲ್ಲ. ಬಿಸಿಲಲ್ಲಿ ಕುತ್ತಿಗೆ ಮೇಲೆತ್ತಿ, ಕಾಲ ಕೆಳಗೆ ಟ್ರಾಮುಗಳನ್ನು ಬಿಟ್ಟುಕೊಂಡು, ಬೇರೆಯವರ ಹೋಟೆಲಿನ ಹೆಸರು ಬರೆಯುವ ಬಾಳು ಬೇಡವಾಗಿತ್ತು. ಏಣಿ ಹತ್ತದಿದ್ದರೆ ಸಾಕಿತ್ತು.

ಕಾಲೇಜಿನಲ್ಲಿ ನಮಗೆ ಗಣಿತ ಹೇಳುತ್ತಿದ್ದವರು ಉಡುಪಿ ಕಡೆಯ ಒಬ್ಬ ಸಣಕಲು ಪ್ರೊಫೆಸರು. ತರಗತಿಯಲ್ಲಿ ಇಂಗ್ಲಿಷು ಬಿಟ್ಟು ಮಾತಾಡುತ್ತಿರಲಿಲ್ಲ. ಒಂದು ದಿನ ನಾನು ಗ್ರಾಫ್ ಬರೆಯುವುದನ್ನು ಹಿಂದಿನಿಂದ ನೋಡಿದರು. ನಾನು ಎಕ್ಸ್‌ಗೆ ಒಂದೊಂದೇ ಬೆಲೆ ಕೊಟ್ಟು, ವೈ ಲೆಕ್ಕ ಹಾಕಿ, ಇಪ್ಪತ್ತು ಚುಕ್ಕಿ ಇಟ್ಟು, ಅವನ್ನು ಕೂಡಿಸುತ್ತಿದ್ದೆ. ನನ್ನ ನೋಟುಬುಕ್ಕಿನ ಮೇಲೆ ಕನ್ನಡದಲ್ಲಿ ಬರೆದ ಹೆಸರು ಅವರ ಕಣ್ಣಿಗೆ ಬಿತ್ತು.

"ಇದೆಂಥದು ಮಾರಾಯ, ಕೊತ್ತಂಬರಿ ಬೀಜ ಚೆಲ್ಲಿದ ಹಾಗೆ?" ಎಂದರು. "ಈ ಚುಕ್ಕಿಗೂ ಆ ಚುಕ್ಕಿಗೂ ನಡುವೆ ಎಂಥ ಆಗ್ತದೆ ಅಂತ ನಿನಗೆ ಯಾರು ಹೇಳಿದ್ದು?"

ಯಾರೂ ಹೇಳಿರಲಿಲ್ಲ. ನಡುವೆ ಏನಾಗುತ್ತದೋ ಅದನ್ನು ನನ್ನ ಕೈ ತಾನೇ ನಿರ್ಧರಿಸಿಬಿಡುತ್ತಿತ್ತು. ಮರುದಿನದಿಂದ ತರಗತಿ ಶುರುವಾಗುವ ಅರ್ಧ ಗಂಟೆ ಮೊದಲು ಬರಲು ಹೇಳಿದರು. ಬಂದೆ. ಆ ವರ್ಷ ನನಗೆ ಸುಖ ಎನ್ನುವುದೇನಾದರೂ ಸಿಕ್ಕಿದ್ದರೆ ಅದು ಆ ಅರ್ಧ ಗಂಟೆಗಳಲ್ಲಿ.

ಅವರು ಮೊದಲು ಹಾಕಿಕೊಟ್ಟದ್ದು ಸುಲಭದ್ದು: ಎಕ್ಸ್‌ನ ಘನ, ಅದರಲ್ಲಿ ಎಕ್ಸ್‌ನ ಮೂರು ಪಟ್ಟು ಕಳೆಯಬೇಕು. "ಚುಕ್ಕಿ ಇಡಬೇಡ. ಫಂಕ್ಷನ್ನನ್ನೇ ಕೇಳು, ಅದು ಸುಳ್ಳು ಹೇಳುವುದಿಲ್ಲ." ಕೇಳುವುದು ಎಂದರೆ ಡೆರಿವೇಟಿವ್ ತೆಗೆಯುವುದು. ಗೆರೆ ಯಾವ ಜಾಗದಲ್ಲಿ ಎಷ್ಟು ಕಡಿದಾಗಿ ಏರುತ್ತಿದೆ, ಇಳಿಯುತ್ತಿದೆ ಎನ್ನುವುದನ್ನು ಅದು ಹೇಳುತ್ತದೆ. ಇಲ್ಲಿ ಡೆರಿವೇಟಿವ್ ಎಂದರೆ ಎಕ್ಸ್‌ನ ವರ್ಗದ ಮೂರು ಪಟ್ಟಿನಲ್ಲಿ ಮೂರು ಕಳೆದದ್ದು. ಅದು ಸೊನ್ನೆಯಾಗುವುದು ಎರಡೇ ಕಡೆ, ಮೈನಸ್ ಒಂದರಲ್ಲಿ ಮತ್ತು ಒಂದರಲ್ಲಿ. ಮೈನಸ್ ಒಂದಕ್ಕಿಂತ ಎಡಕ್ಕೆ ಅದು ಧನ, ಅಂದರೆ ಗೆರೆ ಏರುತ್ತಿದೆ. ನಡುವೆ ಋಣ, ಇಳಿಯುತ್ತಿದೆ. ಒಂದರಿಂದ ಆಚೆಗೆ ಮತ್ತೆ ಏರು. ಹಾಗಾದರೆ ಮೈನಸ್ ಒಂದರಲ್ಲಿ ಒಂದು ದಿಬ್ಬ, ಎತ್ತರ ಎರಡು. ಒಂದರಲ್ಲಿ ಒಂದು ತಗ್ಗು, ಆಳ ಎರಡು. ಇಪ್ಪತ್ತು ಚುಕ್ಕಿಗಳ ಕೆಲಸ ಎರಡರಲ್ಲಿ ಮುಗಿದುಹೋಯಿತು.

"ಸೊನ್ನೆ ಕಂಡ ಕೂಡಲೆ ದಿಬ್ಬ ಅಂತ ಕುಣೀಬೇಡ," ಎಂದರು. "ಸುಸ್ತಾಗಿ ಒಂದು ಗಳಿಗೆ ನಿಂತು ಮತ್ತೆ ಹತ್ತುವವರೂ ಇದ್ದಾರೆ. ಆಚೆ ಈಚೆ ಎರಡೂ ಕಡೆ ನೋಡಬೇಕು."

ಆಮೇಲೆ ಎರಡನೆಯ ಡೆರಿವೇಟಿವ್, ಅಂದರೆ ಡೆರಿವೇಟಿವ್‌ನದೇ ಡೆರಿವೇಟಿವ್. ಅದು ಧನವಾಗಿದ್ದರೆ ಗೆರೆ ಅಂಗಾತ ಇಟ್ಟ ಬಟ್ಟಲಿನಂತೆ ಬಾಗುತ್ತದೆ, ಋಣವಾಗಿದ್ದರೆ ಬೋರಲು ಹಾಕಿದ ಬಟ್ಟಲಿನಂತೆ. ಎಲ್ಲವನ್ನೂ ಒಂದು ಟೇಬಲ್ಲಿನಲ್ಲಿ ಬರೆದುಕೊಳ್ಳಬೇಕು: ಎಲ್ಲಿಂದ ಎಲ್ಲಿಯವರೆಗೆ ಏರು, ಎಲ್ಲಿ ಇಳಿ, ಎಲ್ಲಿ ಅಂಗಾತ, ಎಲ್ಲಿ ಬೋರಲು. ಟೇಬಲ್ ಸರಿಯಾಗಿದ್ದರೆ ಗೆರೆಗೆ ಬೇರೆ ದಾರಿಯೇ ಇರುವುದಿಲ್ಲ. ನನಗೆ ಆ ಟೇಬಲ್ಲಿನ ಮೇಲೆ ಪ್ರೀತಿ ಹುಟ್ಟಿತು. ನಮ್ಮ ಖೋಲಿಯಲ್ಲಿ ಮುಂದಿನ ತಿಂಗಳು ಏನಾಗುತ್ತದೆ ಎಂದು ಯಾರಿಗೂ ಹೇಳಲು ಬರುತ್ತಿರಲಿಲ್ಲ. ಟೇಬಲ್ಲಿನಲ್ಲಿ ಮಾತ್ರ ಎಲ್ಲ ಮೊದಲೇ ಗೊತ್ತಿರುತ್ತಿತ್ತು.

ಒಂದು ದಿನ ಅಪ್ಪ ನನ್ನ ನೋಟುಬುಕ್ಕನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು.

"ಇದು ಯಾವ ಭಾಷಾದ ಅಕ್ಷರ?"

"ಅಕ್ಷರ ಅಲ್ಲಪ್ಪಾ, ಗ್ರಾಫು. ಲೆಕ್ಕದ್ದು."

ಅಪ್ಪ ಆ ಗೆರೆಯ ಮೇಲೆ ಉಗುರು ಎಳೆದರು. ಉಗುರು ನಡುಗಿ ಗೆರೆಯಿಂದ ಆಚೆ ಈಚೆ ಹೋಯಿತು. "ಛಲೋ ಬಂದದ. ಎಲ್ಲೂ ಮುರದಿಲ್ಲ," ಎಂದರು. ಅವ್ವನನ್ನು ಕರೆದು ತೋರಿಸಿದರು. ಅವ್ವನಿಗೆ ಅದರಲ್ಲಿ ಏನು ಕಾಣಿಸಿತೋ, ಅವಳೂ ಛಲೋ ಅದ ಎಂದಳು. ನಾನು ಉಬ್ಬಿಹೋದೆ. ಆ ಹೊಗಳಿಕೆ ಮುಂದೆ ಯಾವ ಕೆಲಸ ಮಾಡೀತು ಎಂದು ಆಗ ಹೊಳೆಯಲಿಲ್ಲ.

ಅಪ್ಪನ ಕೈ ಸೋತಷ್ಟೂ ನನ್ನ ಭಾನುವಾರಗಳು ಕಡಿಮೆಯಾದವು. ಮೊದಲು ಅವರು ಸೀಮೆಸುಣ್ಣದಲ್ಲಿ ಅಕ್ಷರ ಗುರುತು ಮಾಡುತ್ತಿದ್ದರು, ನಾನು ಒಳಗೆ ಬಣ್ಣ ತುಂಬುತ್ತಿದ್ದೆ. ಆಮೇಲೆ ಸೀಮೆಸುಣ್ಣವೂ ಡೊಂಕಾಗಿ, ಗುರುತು ಮಾಡುವುದೂ ನನ್ನ ಪಾಲಿಗೆ ಬಂತು. ಪರೀಕ್ಷೆಗೆ ಎರಡು ತಿಂಗಳಿರುವಾಗ ಫೋರ್ಟಿನ ಒಬ್ಬ ಹೋಟೆಲು ಮಾಲೀಕರು ತಮ್ಮ ಹೊಸ ಹೋಟೆಲಿಗೆ ಉದ್ದನೆಯ ಬೋರ್ಡು ಹೇಳಿದರು. ಕನ್ನಡ, ಮರಾಠಿ, ಇಂಗ್ಲಿಷು, ಮೂರರಲ್ಲೂ ಬೇಕು. ಬೇಡ ಎನ್ನುವ ಸ್ಥಿತಿಯಲ್ಲಿ ನಾವಿರಲಿಲ್ಲ. ನಾಲ್ಕು ಭಾನುವಾರ, ಮೇಲೆ ಕಾಲೇಜು ತಪ್ಪಿಸಿದ ಏಳೆಂಟು ದಿನ, ನಾನು ಆ ಗೋಡೆಗೆ ಅಂಟಿಕೊಂಡಿದ್ದೆ. ಅಪ್ಪ ಎದುರಿನ ಫುಟ್‌ಪಾಥಿನಲ್ಲಿ ನಿಂತು, ಹೋಗಿಬರುವ ಗುಮಾಸ್ತರ ನಡುವಿನಿಂದ, "ಮೂಲಿ! ಮೂಲಿ ನೋಡು!" ಎಂದು ಕೂಗುತ್ತಿದ್ದರು. ನಾನು ಬ್ರಷ್ಷು ಹೊರಳಿಸುತ್ತಿದ್ದೆ. ಕೊನೆಕೊನೆಗೆ ಅವರು ಕೂಗಬೇಕಾಗಿಯೇ ಇರಲಿಲ್ಲ. ಕೈಗೆ ಅಭ್ಯಾಸವಾಗಿಬಿಟ್ಟಿತ್ತು.

ಪರೀಕ್ಷೆಯಲ್ಲಿ ಗಣಿತದ ಎರಡನೆಯ ಪತ್ರಿಕೆ. ನಾಲ್ಕನೆಯ ಪ್ರಶ್ನೆ, ಎಕ್ಸ್‌ನ ವರ್ಗದ ಘನಮೂಲ; ಡೆರಿವೇಟಿವ್‌ಗಳ ಸಹಾಯದಿಂದ ಅದರ ಗ್ರಾಫ್ ಬರೆಯಿರಿ. ನೋಡಿದ ಕೂಡಲೆ ಖುಷಿಯಾಯಿತು. ಟೇಬಲ್ ಹಾಕಿದೆ. ಸೊನ್ನೆಯ ಎಡಕ್ಕೆ ಇಳಿ, ಬಲಕ್ಕೆ ಏರು. ಸೊನ್ನೆಯ ಹತ್ತಿರ ಹೋದಂತೆ ಗೆರೆ ಇನ್ನಷ್ಟು ಇನ್ನಷ್ಟು ಕಡಿದಾಗುತ್ತದೆ, ಸೊನ್ನೆಯಲ್ಲಂತೂ ಡೆರಿವೇಟಿವ್ ಇಲ್ಲವೇ ಇಲ್ಲ. ಎರಡನೆಯ ಡೆರಿವೇಟಿವ್ ಎರಡೂ ಕಡೆ ಋಣ, ಅಂದರೆ ಎಡಕ್ಕೂ ಬೋರಲು, ಬಲಕ್ಕೂ ಬೋರಲು. ಇಷ್ಟನ್ನೂ ಬರೆದೆ, ಒಂದಕ್ಷರ ತಪ್ಪಿಲ್ಲದೆ. ಎರಡು ಗೆರೆಗಳು ಎರಡು ಕಡೆಯಿಂದ ಇಳಿದು ಬಂದು ತಳದಲ್ಲಿ ಸೂಜಿಯ ಮೊನೆಯಾಗಬೇಕು. ಅದು ನನಗೆ ಗೊತ್ತಿತ್ತು. ಮೇಲ್ವಿಚಾರಕರು ಐದು ನಿಮಿಷ ಎಂದು ಕೂಗಿದರು. ಚಿತ್ರವೊಂದು ಬಾಕಿ. ಪೆನ್ಸಿಲನ್ನು ಎಡಗಡೆ ಮೇಲೆ ಇಟ್ಟು ಒಂದೇ ಎಳೆತಕ್ಕೆ ಕೆಳಗೆ ಬಂದೆ, ತಿರುಗಿದೆ, ಬಲಗಡೆ ಮೇಲೆ ಹೋದೆ. ಗೆರೆ ಎಲ್ಲೂ ಮುರಿಯಲಿಲ್ಲ. ಉತ್ತರಪತ್ರಿಕೆ ಕೊಡುವ ಮೊದಲು ಅದನ್ನೊಮ್ಮೆ ನೋಡಿ ಮೆಚ್ಚಿಕೊಂಡೆ ಕೂಡ.

ಫಲಿತಾಂಶ ಬಂತು. ಉಳಿದ ವಿಷಯಗಳೆಲ್ಲ ದಾಟಿದ್ದೆ. ಗಣಿತದಲ್ಲಿ ಮೂರು ಅಂಕ ಕಡಿಮೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಇದು ಬಾಯಿಗೂ ಬಂದಿತ್ತು. ಪ್ರೊಫೆಸರು ಸ್ಟಾಫ್ ರೂಮಿಗೆ ಕರೆದು, ಪ್ರಶ್ನೆಪತ್ರಿಕೆ ಎದುರಿಗಿಟ್ಟು, ಒಂದೊಂದೇ ಪ್ರಶ್ನೆಗೆ ಏನು ಬರೆದೆ ಎಂದು ಹೇಳಿಸಿದರು. ನಾಲ್ಕನೆಯದಕ್ಕೆ ಬಂದಾಗ ಒಂದು ಹಾಳೆ ಕೊಟ್ಟು, "ಅಲ್ಲಿ ಬರೆದ ಹಾಗೇ ಬರಿ," ಎಂದರು. ಬರೆದೆ. ಟೇಬಲ್ ನೋಡಿ ತಲೆದೂಗಿದರು. ಚಿತ್ರದ ಮೇಲೆ ಬೆರಳಿಟ್ಟರು.

"ತಳ ನೋಡು," ಎಂದರು. ನೋಡಿದೆ. ನನಗೆ ಏನೂ ಕಾಣಲಿಲ್ಲ.

"ಎರಡೂ ಕಡೆ ಬೋರಲು ಅಂತ ನೀನೇ ಬರ್ದಿದ್ದಿ. ಮತ್ತೆ ತಳದಲ್ಲಿ ಈ ಅಂಗಾತ ಬಟ್ಟಲು ಎಲ್ಲಿಂದ ಬಂತು ಮಾರಾಯ?"

ಆಗ ಕಂಡಿತು. ಮೊನೆ ಬರಬೇಕಿದ್ದ ಜಾಗದಲ್ಲಿ ನನ್ನ ಕೈ ನಯವಾಗಿ ಹೊರಳಿತ್ತು. ಜೋಳದ ಕಾಳಿನಷ್ಟು ಜಾಗ. ಪರೀಕ್ಷೆಯಲ್ಲಿ ಹೀಗೇ ಬರೆದೆಯಾ ಎಂದು ಕೇಳಿದರು. ಹೀಗೇ ಎಂದೆ. ಹೀಗಲ್ಲದೆ ಬೇರೆ ರೀತಿ ನನ್ನ ಕೈ ಬರೆಯುವುದು ಸಾಧ್ಯವೇ ಇರಲಿಲ್ಲ.

"ಈ ಟೇಬಲ್ ಅರ್ಥ ಆದವ ಈ ಚಿತ್ರ ಬರಿಯುವುದಿಲ್ಲ. ಈ ಚಿತ್ರ ಬರ್ದವನಿಗೆ ಈ ಟೇಬಲ್ ಬರುವುದಿಲ್ಲ. ಪೇಪರ್ ನೋಡುವವರು ಎಂಥ ತಿಳೀಬೇಕು? ಟೇಬಲ್ ಪಕ್ಕದವನದ್ದು ಅಂತ ತಿಳಿದಾರು." ಹಾಳೆಯನ್ನು ನನ್ನ ಕಡೆಗೆ ತಳ್ಳಿ, "ನನಗೆ ನಿನ್ನ ಪರಿಚಯ ಉಂಟು. ಇಲ್ಲದಿದ್ದರೆ ನಾನೂ ಹಾಗೇ ತಿಳೀತಿದ್ದೆ," ಎಂದರು.

ಆ ಪ್ರಶ್ನೆಗೆ ನನಗೆ ಎಷ್ಟು ಕೊಟ್ಟರೋ, ಕೊಟ್ಟರೋ ಇಲ್ಲವೋ, ಇಂದಿಗೂ ಗೊತ್ತಿಲ್ಲ. ಬೇಕಾಗಿದ್ದದ್ದು ಮೂರು. ಅದನ್ನು ಯೋಚಿಸುತ್ತಲೇ ಮನೆಗೆ ನಡೆದೆ. ದಾರಿಯುದ್ದಕ್ಕೂ ಸಿಟ್ಟು ಏರುತ್ತಲೇ ಹೋಯಿತು. ಖೋಲಿಯ ಬಾಗಿಲಲ್ಲಿ ಅಪ್ಪ ಕೂತಿದ್ದರು. ಮುಖ ನೋಡಿಯೇ ಅವರಿಗೆ ತಿಳಿದಿತ್ತು, ಆದರೂ ಏನಾತು ಎಂದು ಕೇಳಿದರು. ಕೇಳಬಾರದಿತ್ತು.

"ನಿಮ್ಮ ಮೂಲಿಯಿಂದ ನಪಾಸಾದೆ," ಎಂದೆ. "ಮೂಲಿ ಬಿಡಬ್ಯಾಡ, ಮೂಲಿ ಬಿಡಬ್ಯಾಡ ಅಂತ ಜೀವಾ ತಿಂದ್ರಿ. ಒಂದ ಮೊನಿ ಬೇಕಾಗಿತ್ತು ಅಲ್ಲಿ, ಒಂದ ಮೊನಿ. ಅದನ್ನೂ ದುಂಡಗ ಮಾಡಿ ಬಂದೆ."

ಅವ್ವ ಒಳಗಿನಿಂದ ಬಂದಳು. "ಅಪ್ಪಗ ಹಿಂಗ ಅಂತಾರೇನೋ? ನಾಲಿಗಿ ಹೆಂಗರ ಬಂತು ನಿನಗ?" ಅಪ್ಪ ಅವಳಿಗೆ ಸುಮ್ಮನಿರು ಎಂದು ಕೈಸನ್ನೆ ಮಾಡಿದರು. ಸೀಮೆಸುಣ್ಣ ನನ್ನ ಕಡೆಗೆ ಚಾಚಿ, "ಬರದ ತೋರಸು," ಎಂದರು. ಒಂದು ತಗಡಿನ ಮೇಲೆ ಬರೆದೆ, ಪರೀಕ್ಷೆಯಲ್ಲಿ ಬರೆದ ಹಾಗೆಯೇ. ಹೇಗಿರಬೇಕಿತ್ತು ಎಂದು ಬಾಯಲ್ಲಿ ಹೇಳಿದೆ. ಅಪ್ಪ ತಗಡಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು ನೋಡಿದರು.

"ಒಂದ ಎಳತಕ್ಕ ತಗದೀಯೇನು?"

"ಹೂಂ."

"ಒಂದ ಎಳತಕ್ಕ ಮೊನಿ ಬರೂದಿಲ್ಲ, ತಮ್ಮಾ. ಈ ಕಡಿಂದ ಇಳದು ಬಂದು ನಿಂದರಬೇಕು. ಕೈ ಎತ್ತಬೇಕು. ಆಮ್ಯಾಲ ಆ ಕಡಿಂದ ಬ್ಯಾರೆ ಗೆರಿ ತರಬೇಕು. ಎರಡೂ ಅಲ್ಲಿ ಬಂದು ಮುಟ್ಟಬೇಕು ಅಷ್ಟ." ಹೇಳುತ್ತ ಗಾಳಿಯಲ್ಲಿ ತೋರಿಸಲು ಹೋದರು, ಕೈ ಕೇಳಲಿಲ್ಲ, ಇಳಿಸಿಕೊಂಡರು. "ನನಗ ಬರ್ತಿತ್ತು. ನಿನಗ ಕಲಸಲಿಲ್ಲ ನೋಡು. ನಮ್ಮ ಕೆಲಸದಾಗ ಮೊನಿ ಬೇಕಾಗೇ ಇರಲಿಲ್ಲ."

ನನ್ನ ಪುಸ್ತಕದಲ್ಲಿಯೂ ಅದನ್ನೇ ಬರೆದಿದ್ದರು. ಎಡದಿಂದ ಬರುವುದು ಬೇರೆ, ಬಲದಿಂದ ಬರುವುದು ಬೇರೆ. ಅದನ್ನು ನಾನು ಬಾಯಿಪಾಠ ಮಾಡಿದ್ದೆ. ಅಪ್ಪ ಅದನ್ನು ಓದಿರಲಿಲ್ಲ, ಮಾಡಿ ಬಲ್ಲವರಾಗಿದ್ದರು. ನಾನು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು ಅನ್ನಿಸಿತು. ತೆಗೆದುಕೊಳ್ಳಲಿಲ್ಲ. ಆ ವಯಸ್ಸೇ ಹಾಗೆ, ತಪ್ಪಾಯಿತು ಎನ್ನುವುದಕ್ಕಿಂತ ಉಪವಾಸ ಮಲಗುವುದು ಸುಲಭ.

ಎರಡು ದಿನ ಬಿಟ್ಟು ಅಪ್ಪ ತಾವೇ ಮಾತು ಮುರಿದರು. ಮತ್ತೊಮ್ಮೆ ಪರೀಕ್ಷೆಗೆ ಕೂಡು, ಫಾರ್ಮು ತುಂಬು, ಹೊಸ ಕೆಲಸವನ್ನು ನಾನೇ ನೋಡಿಕೊಳ್ಳುತ್ತೇನೆ ಎಂದರು. ಕೈ ಈಗ ಸುಧಾರಿಸಿದೆ ಎಂದೂ ಹೇಳಿದರು. ಸುಧಾರಿಸಿರಲಿಲ್ಲ, ನನಗೆ ಗೊತ್ತಿತ್ತು, ಅವ್ವನಿಗೆ ಗೊತ್ತಿತ್ತು. ಆದರೂ ನಾನು ಫಾರ್ಮು ತಂದೆ. ಅಪ್ಪ ಬೆಳಿಗ್ಗೆ ಡಬ್ಬಿ ಬ್ರಷ್ಷು ಎತ್ತಿಕೊಂಡು ಒಬ್ಬರೇ ಫೋರ್ಟಿಗೆ ಹೋದರು. ಅದೇ ಹೋಟೆಲಿನ ಪಕ್ಕದ ಗೋಡೆಗೆ ಒಂದು ಚಿಕ್ಕ ಬೋರ್ಡು, ಬರೀ ಒಂದು ಸಾಲು.

ಮೂರನೆಯ ದಿನ ಮಧ್ಯಾಹ್ನ ಹೋಟೆಲಿನ ಹುಡುಗ ನನ್ನನ್ನು ಕರೆಯಲು ಬಂದ. ಹೋಗಿ ನೋಡಿದೆ. ಸಾಲಿನ ಅರ್ಧ ಬರೆದಾಗಿತ್ತು. ಅಕ್ಷರಗಳೆಲ್ಲ ನೀರಿನೊಳಗಿಂದ ಕಂಡ ಹಾಗಿದ್ದವು. ಮಾಲೀಕರು ಒಳ್ಳೆಯವರು, ಅಪ್ಪನನ್ನು ಒಳಗೆ ಕೂರಿಸಿ ಕಾಫಿ ಕೊಟ್ಟಿದ್ದರು. ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು. "ಅವರಿಗೆ ಎಂಥ ಹೇಳುವುದು ನಾನು? ಎಷ್ಟು ವರ್ಷದಿಂದ ನಮ್ಮ ಬೋರ್ಡು ಬರೆದವರು. ನೀನು ಬರೆದು ಮುಗಿಸು. ನಿನ್ನ ಕೈಯೂ ಅವರ ಕೈಯೂ ಒಂದೇ ಅಲ್ಲವಾ, ಗೊತ್ತಾಗುವುದಿಲ್ಲ."

ನಾನು ಏಣಿ ಹತ್ತಿದೆ. ಮೊದಲು ಮಾಡಬೇಕಾಗಿದ್ದ ಕೆಲಸ, ಅಪ್ಪ ಬರೆದದ್ದನ್ನು ಅಳಿಸುವುದು. ಬಣ್ಣ ಇನ್ನೂ ಹಸಿಯಾಗಿತ್ತು. ಚಿಂದಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಒಂದೊಂದೇ ಅಕ್ಷರ ಒರೆಸಿದೆ. ಅಪ್ಪ ಕಾಫಿ ಬಿಟ್ಟು ಹೊರಗೆ ಬಂದು ನೋಡುತ್ತಿದ್ದರು. ಆಮೇಲೆ ಫಾರ್ಮು ತುಂಬುವ ಕೊನೆಯ ದಿನ ದಾಟಿದಾಗ ನಮ್ಮ ಮನೆಯಲ್ಲಿ ಯಾರೂ ಆ ವಿಷಯ ಎತ್ತಲಿಲ್ಲ. ಪ್ರೊಫೆಸರು ಎರಡು ಸಲ ಹೇಳಿ ಕಳಿಸಿದರು, ನಾನು ಹೋಗಲಿಲ್ಲ. ಹೋಗಿ ಏನು ಹೇಳುವುದಿತ್ತು?

ಹೋಟೆಲಿನ ಗೋಡೆಯ ಬಳಿ ಆ ದಿನ ನಾನು ಒರೆಸಿ ಮುಗಿಸಿ, ಹೊಸದಾಗಿ ಮೊದಲ ಅಕ್ಷರಕ್ಕೆ ಬ್ರಷ್ಷು ಇಟ್ಟಾಗ, ಅಪ್ಪ ಹತ್ತಿರ ಬಂದು ಕೆಳಗಿನಿಂದ ಎರಡೂ ಕೈಗಳಲ್ಲಿ ಏಣಿ ಹಿಡಿದುಕೊಂಡರು. ನಾನು ಜಾರಬಾರದು ಎಂದು. ಬಿದಿರಿನ ಏಣಿ. ಅವರ ಕೈಯ ನಡುಕ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ನನ್ನ ಅಂಗಾಲಿಗೆ ಬಂತು, ಅಲ್ಲಿಂದ ಬ್ರಷ್ಷಿನ ತುದಿಗೆ. ಏಣಿಯನ್ನು ಕಿಟಕಿಯ ಸರಳಿಗೆ ಹಗ್ಗ ಹಾಕಿ ಕಟ್ಟಬಹುದಿತ್ತು. ಬಿಡ್ರಿ ಅಪ್ಪಾ, ನಾನು ಬೀಳೂದಿಲ್ಲ ಎನ್ನಬಹುದಿತ್ತು. ಅನ್ನಲಿಲ್ಲ. ಅವರಿಗೆ ಮಾಡಲು ಉಳಿದಿದ್ದ ಕೆಲಸ ಅದೊಂದೇ. ನಡುಕ ಒಂದು ಗಳಿಗೆ ತಗ್ಗುವುದನ್ನು ಕಾದು, ಅಷ್ಟರಲ್ಲಿ ಒಂದು ಗೆರೆ ಎಳೆದು, ಮತ್ತೆ ಕಾಯುವುದನ್ನು ಕಲಿತೆ. ಅಪ್ಪ ಇದ್ದಷ್ಟು ವರ್ಷವೂ ಹಾಗೆಯೇ ಬರೆದೆ.